ವಸ್ತುಗಳಿಗೆ ಹೆಸರಿಟ್ಟ ಲವಾಸಿಯೇ

ಅಂಗಡಿಯಲ್ಲಿ ಮೈಲುತುತ್ತವೆಂದು ಕೇಳಿ ತರುವ ನೀಲಿ ಹರಳೇ ಶಾಲೆಯ ಪ್ರಯೋಗಶಾಲೆಯಲ್ಲಿ ತಾಮ್ರದ ಸಲ್ಫೇಟ್ ಆಗುತ್ತದೆ. ಮೊದಲಿನ ಹೆಸರು ನವಿಲಿನ ಬಣ್ಣವನ್ನು ನೆನಪಿಗೆ ತರುತ್ತದೆ. ಎರಡನೆಯದು ಆ ಹರಳಿನ ಒಳಗೇನಿದೆ ಎಂಬುದನ್ನು ಹೇಳುತ್ತದೆ. ಹೆಸರೇ ವಸ್ತುವಿನ ರಚನೆಯನ್ನು ತಿಳಿಸಬೇಕೆಂಬ ಈ ತತ್ತ್ವವನ್ನು ರಸಾಯನಶಾಸ್ತ್ರದಲ್ಲಿ ನೆಲೆಗೊಳಿಸಿದವರಲ್ಲಿ ಅಗ್ರಗಣ್ಯನು ಫ್ರಾನ್ಸಿನ ಆಂತ್ವಾನ್ ಲೊರಾನ್ ಲವಾಸಿಯೇ.

ಆತನು ಜನಿಸಿದ್ದು ೧೭೪೩ರ ಆಗಸ್ಟ್ ೨೬ರಂದು, ಪ್ಯಾರಿಸ್ ನಗರದಲ್ಲಿ. ತಂದೆ ವಕೀಲ, ತಾಯಿ ಬಾಲ್ಯದಲ್ಲಿಯೇ ತೀರಿಕೊಂಡಳು. ಮನೆಯವರ ಇಚ್ಛೆಯಂತೆ ನ್ಯಾಯಶಾಸ್ತ್ರವನ್ನು ಓದಿ ಮುಗಿಸಿದರೂ ಮನಸ್ಸು ರೂಯೆಲ್ ಎಂಬ ಅಧ್ಯಾಪಕನ ರಸಾಯನ ಪಾಠಗಳ ಕಡೆಗೆ ಒಲಿದಿತ್ತು. ೧೭೬೮ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ದೊರೆಯಿತು. ಅದೇ ವರ್ಷ ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಗುತ್ತಿಗೆದಾರರ ಮಂಡಲಿಯಲ್ಲಿಯೂ ಅವನು ಪಾಲು ಕೊಂಡನು. ಮುಂದೆ ಪ್ರಾಣಕ್ಕೆ ಮುಳುವಾದದ್ದು ಈ ಪಾಲೇ.

೧೭೭೧ರಲ್ಲಿ ವಿವಾಹವಾದ ಮರಿ ಆನ್ ಪೋಲ್ಜ್‌ಗೆ ಆಗ ಕೇವಲ ಹದಿಮೂರು ವರ್ಷ. ಆಕೆ ಇಂಗ್ಲಿಷ್ ಕಲಿತು ಗ್ರಂಥಗಳನ್ನು ಅನುವಾದಿಸಿಕೊಟ್ಟಳು, ಉಪಕರಣಗಳ ಚಿತ್ರಗಳನ್ನು ಬರೆದಳು. ಲವಾಸಿಯೇ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಏಳರಿಂದ ಹತ್ತು ಗಂಟೆಯವರೆಗೆ ಪ್ರಯೋಗಶಾಲೆಯಲ್ಲಿರುತ್ತಿದ್ದನು. ಹಗಲಿನ ವೇಳೆ ಸರ್ಕಾರದ ಕೆಲಸಕ್ಕೆ. ನಿಜವಾದ ಕಾಯಕ ಈ ಆರು ಗಂಟೆಗಳದು. ತಕ್ಕಡಿಯನ್ನು ನಂಬಿ ನಡೆದ ಆ ಪ್ರಯೋಗಗಳಿಂದ ಉರಿಯುವಿಕೆಯ ಹಳೆಯ ಫ್ಲೋಜಿಸ್ಟಾನ್ ವಾದವು ಬಿದ್ದುಹೋಯಿತು.

ಆ ಕಾಲದ ಹೆಸರುಗಳ ಸ್ಥಿತಿ ಮಾತ್ರ ಶೋಚನೀಯವಾಗಿತ್ತು. ಆಂಟಿಮನಿಯ ಬೆಣ್ಣೆ, ಸತುವಿನ ಹೂ, ಗಂಧಕದ ಯಕೃತ್ತು ಇತ್ಯಾದಿ ಹೆಸರುಗಳು ಅಡಿಗೆಮನೆಯಿಂದಲೋ ವೈದ್ಯಶಾಲೆಯಿಂದಲೋ ಬಂದಂಥವು. ಸೀಸದ ಸಕ್ಕರೆಯಂತೂ ರುಚಿಗೆ ಸಿಹಿ, ದೇಹಕ್ಕೆ ವಿಷ. ಒಂದೇ ವಸ್ತುವಿಗೆ ಹಲವು ಹೆಸರುಗಳಿದ್ದವು. ಹೊಸದಾಗಿ ಕಲಿಯುವವನಿಗೆ ಬಾಯಿಪಾಠವಲ್ಲದೆ ಬೇರೆ ದಾರಿಯಿರಲಿಲ್ಲ.

ಇದನ್ನು ತಿದ್ದಬೇಕೆಂದು ೧೭೮೨ರಲ್ಲಿ ಮೊದಲು ಸೂಚಿಸಿದವನು ದಿಜೋನಿನ ಗೀತೋನ್ ದ ಮೊರ್ವೊ. ಲವಾಸಿಯೇ, ಬರ್ತೊಲೆ, ಫುರ್ಕ್ರುವಾ ಇವರು ಅವನೊಡನೆ ಸೇರಿ ೧೭೮೭ರಲ್ಲಿ ಹೊಸ ನಾಮಕರಣ ಪದ್ಧತಿಯನ್ನು ಪ್ರಕಟಿಸಿದರು. ಕ್ರಮ ಸರಳವಾದುದು. ಮೂಲವಸ್ತುವಿಗೆ ಒಂದು ಹೆಸರು. ಸಂಯುಕ್ತಕ್ಕೆ ಅದರ ಘಟಕಗಳಿಂದ ಕೂಡಿದ ಹೆಸರು. ಗಂಧಕದ ಆಮ್ಲಗಳಲ್ಲಿ ಆಮ್ಲಜನಕ ಹೆಚ್ಚಿರುವುದು ಸಲ್ಫ್ಯೂರಿಕ್, ಕಡಿಮೆಯಿರುವುದು ಸಲ್ಫ್ಯೂರಸ್. ಮೊದಲಿನದರ ಲವಣ ಸಲ್ಫೇಟ್, ಎರಡನೆಯದರದು ಸಲ್ಫೈಟ್. ಒಂದು ಪ್ರತ್ಯಯವನ್ನು ಕಲಿತವನಿಗೆ ನೂರು ಲವಣಗಳ ಹೆಸರು ತಾನಾಗಿ ತಿಳಿಯುವುದು. ಅಯಾನುಗಳ ಕಲ್ಪನೆ ಬಂದುದು ನಂತರದ ಶತಮಾನದಲ್ಲಿ. ಆದರೂ ಸಲ್ಫೇಟ್ ಅಯಾನು, ಸಲ್ಫೈಟ್ ಅಯಾನು ಎನ್ನುವಾಗ ಉಳಿದು ಬಂದಿರುವುದು ಅದೇ ಪ್ರತ್ಯಯಗಳು.

ದೋಷವೂ ಇತ್ತು. ಎಲ್ಲ ಆಮ್ಲಗಳಿಗೂ ಮೂಲವೆಂದು ಭಾವಿಸಿ ಲವಾಸಿಯೇ ಒಂದು ಅನಿಲಕ್ಕೆ ಆಮ್ಲವನ್ನು ಹುಟ್ಟಿಸುವಂಥದೆಂಬ ಅರ್ಥದ ಹೆಸರನ್ನಿಟ್ಟನು. ಕನ್ನಡದ ಆಮ್ಲಜನಕವು ಅದರ ನೇರ ರೂಪಾಂತರ. ಉಪ್ಪಿನಿಂದ ಪಡೆಯುವ ಆಮ್ಲದಲ್ಲಿ ಆ ಅನಿಲವಿಲ್ಲವೆಂದೂ ಕ್ಲೋರಿನ್ ಒಂದು ಮೂಲವಸ್ತುವೆಂದೂ ೧೮೧೦ರಲ್ಲಿ ಡೇವಿ ಸಾರಿದನು. ಸಿದ್ಧಾಂತ ತಪ್ಪಿದರೂ ಹೆಸರು ನಿಂತಿತು, ಕನ್ನಡದಲ್ಲಿಯೂ ನಿಂತಿದೆ. ಆ ಅನಿಲವನ್ನು ಮೊದಲು ಬೇರ್ಪಡಿಸಿದ ಷೇಲೆ, ಪ್ರೀಸ್ಟ್ಲಿಯವರಿಗೆ ಸಲ್ಲಬೇಕಾದ ಮನ್ನಣೆಯನ್ನು ಆತನು ಧಾರಾಳವಾಗಿ ಸಲ್ಲಿಸಲಿಲ್ಲ ಎಂಬುದನ್ನೂ ಮರೆಮಾಚಲಾಗದು.

೧೭೮೯ರಲ್ಲಿ ಅವನ ಪ್ರಸಿದ್ಧ ಪಠ್ಯಗ್ರಂಥ ಹೊರಬಂದಿತು. ಕ್ರಾಂತಿಯೂ ಅದೇ ವರ್ಷ. ತೆರಿಗೆ ಗುತ್ತಿಗೆದಾರರ ಮೇಲೆ ಜನರ ಕೋಪ ಕುದಿಯುತ್ತಿತ್ತು. ಅದು ಅಕಾರಣವೂ ಆಗಿರಲಿಲ್ಲ. ೧೭೯೩ರ ನವೆಂಬರಿನಲ್ಲಿ ಬಂಧನವಾಯಿತು. ನಾಮಕರಣದಲ್ಲಿ ಜೊತೆಗಾರರಾಗಿದ್ದ ಗೀತೋನ್, ಫುರ್ಕ್ರುವಾ ಇಬ್ಬರೂ ಆಗ ರಾಷ್ಟ್ರಸಭೆಯ ಸದಸ್ಯರು. ಅವರ ಸ್ಥಾನಬಲದಿಂದ ಗೆಳೆಯನ ಪ್ರಾಣ ಉಳಿಯಲಿಲ್ಲ. ೧೭೯೪ರ ಮೇ ೮ರಂದು, ಮಾವನಾದ ಪೋಲ್ಜ್‌ನೂ ಸೇರಿ ಇಪ್ಪತ್ತೇಳು ಮಂದಿಯೊಡನೆ ಲವಾಸಿಯೇಯ ಶಿರಚ್ಛೇದವಾಯಿತು. ಆಗ ಅವನಿಗೆ ಐವತ್ತು ವರ್ಷ.

ಒಂದೇ ದಿನ ತಂದೆಯನ್ನೂ ಪತಿಯನ್ನೂ ಕಳೆದುಕೊಂಡ ಮರಿ ಆನ್ ಸ್ವತಃ ಕೆಲಕಾಲ ಸೆರೆಯಲ್ಲಿದ್ದಳು. ಜಪ್ತಿಯಾದ ಸ್ವತ್ತನ್ನು ಮರಳಿ ಪಡೆದು, ಪತಿಯ ಅಪೂರ್ಣ ಬರಹಗಳನ್ನು ಗ್ರಂಥರೂಪದಲ್ಲಿ ಹೊರತಂದಳು. ಮುಂದೆ ರಮ್‌ಫರ್ಡ್ ಎಂಬ ವಿಜ್ಞಾನಿಯನ್ನು ವರಿಸಿದಾಗಲೂ ಲವಾಸಿಯೇ ಎಂಬ ಹೆಸರನ್ನು ಬಿಡಲು ಆಕೆ ಒಪ್ಪಲಿಲ್ಲ.