ಗಿರಣಿ ಮನೆಯ ಕರಿ, ಎಲ್ಲರಿಗೂ ಒಂದೇ ಕಾರು

ಕೊಲ್ಲಾಪುರ: ಕಾರ್ ರೇಸ್ ಎಂದರೆ ಟಿವಿಯಲ್ಲಿ ನೋಡುವ ಪರದೇಶದ ಆಟ ಎಂದುಕೊಂಡವರು ನಮ್ಮ ಭಾಗದಲ್ಲಿ ಬಹಳ. ಆದರೆ 2018ರಲ್ಲಿ ಫೋಕ್ಸ್‌ವ್ಯಾಗನ್ ಅಮಿಯೋ ಕಪ್ ಎಂಬ ರಾಷ್ಟ್ರಮಟ್ಟದ ಟೂರಿಂಗ್ ಕಾರ್ ಸರಣಿಯ ಚಾಂಪಿಯನ್ ಆದದ್ದು ಕೊಲ್ಲಾಪುರದ ಧ್ರುವ ಮೋಹಿತೆ. ಇದೇ ಕೊಲ್ಲಾಪುರದಲ್ಲಿ ಮೋಹಿತೆ ರೇಸಿಂಗ್ ಅಕಾಡೆಮಿಯ ಗೋ-ಕಾರ್ಟಿಂಗ್ ಟ್ರ್ಯಾಕ್ ಕೂಡ ಇದೆ. ಇಲ್ಲಿನ ಹುಡುಗರು ಅಲ್ಲಿ ಕಲಿತು ಮುಂದೆ ಸ್ಪರ್ಧೆಗೆ ಹೋಗಬೇಕಾದದ್ದು ಸಾವಿರ ಕಿಲೋಮೀಟರ್ ಆಸುಪಾಸಿನ ಚೆನ್ನೈ ಮತ್ತು ಕೊಯಮತ್ತೂರಿಗೆ. ಕೊಯಮತ್ತೂರಿನ ಟ್ರ್ಯಾಕಿನ ಹೆಸರು ಕರಿ ಮೋಟರ್ ಸ್ಪೀಡ್‌ವೇ. ಈ 'ಕರಿ' ಯಾರು? ಆನೆಯೂ ಅಲ್ಲ, ಬಣ್ಣವೂ ಅಲ್ಲ. ಅದು ಒಬ್ಬ ಮನುಷ್ಯನ ಹೆಸರು.

ಸುಂದರಂ ಕರಿವರ್ಧನ್ ಹುಟ್ಟಿದ್ದು 1954ರಲ್ಲಿ. ಕೊಯಮತ್ತೂರಿನ ಲಕ್ಷ್ಮಿ ಮಿಲ್ಸ್ ಮನೆತನ ಅವರದು. 1910ರಲ್ಲಿ ಜಿ. ಕುಪ್ಪುಸ್ವಾಮಿ ನಾಯ್ಡು ಅವರು ಆರಂಭಿಸಿದ ಆ ಮಿಲ್ಲು ತಮಿಳುನಾಡಿನ ಹೆಸರಾಂತ ನೂಲಿನ ಗಿರಣಿಗಳಲ್ಲಿ ಒಂದು. ಇಚಲಕರಂಜಿಯವರಿಗೆ ಕೊಯಮತ್ತೂರು ಹೊಸ ಹೆಸರೇನಲ್ಲ. ನಮ್ಮ ಊರು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಆದರೆ ಆ ಊರು ದಕ್ಷಿಣ ಭಾರತದ ಮ್ಯಾಂಚೆಸ್ಟರ್. ಶಿರೋಳಿ, ಗೋಕುಳ ಶಿರಗಾಂವಗಳ ಫೌಂಡ್ರಿಗಳಂತೆಯೇ ಅಲ್ಲಿಯೂ ಎರಕದ ಕೆಲಸ, ಲೇತ್ ಕೆಲಸ, ಪಂಪ್‌ಸೆಟ್ ತಯಾರಿಕೆ ಬಲು ಜೋರು. ಕಬ್ಬಿಣದ ಕೆಲಸ ಬಲ್ಲ ಇಂಥ ಊರಿನಲ್ಲಿ ಹುಟ್ಟಿರದಿದ್ದರೆ ಕರಿವರ್ಧನ್ ಬರೀ ಕಾರು ಓಡಿಸುವ ಶ್ರೀಮಂತ ಹುಡುಗನಾಗಿಯೇ ಉಳಿಯುತ್ತಿದ್ದರೋ ಏನೋ!

ಅವರ ಯೌವನದಲ್ಲಿ ದೇಶದ ರೇಸ್ ನಡೆಯುತ್ತಿದ್ದದ್ದು ಮದ್ರಾಸ್ ಸಮೀಪದ ಶೋಳಾವರಂನಲ್ಲಿ. ಎರಡನೇ ಮಹಾಯುದ್ಧ ಕಾಲದ ವಿಮಾನ ಪಟ್ಟಿಯದು. ವರ್ಷಕ್ಕೊಮ್ಮೆ ಅಲ್ಲಿ ಜಾತ್ರೆಯಂತೆ ಜನ ಸೇರುತ್ತಿದ್ದರು. ಆಗ ನಮ್ಮಲ್ಲಿ ಸಿಗುತ್ತಿದ್ದ ಕಾರುಗಳೆಂದರೆ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ಇಷ್ಟೇ. ಪರದೇಶದ ಕಾರು ತರಿಸಬೇಕೆಂದರೆ ಲೈಸೆನ್ಸು, ಸುಂಕ, ನೂರೆಂಟು ಅಡ್ಡಿ. ಹಾಗಿದ್ದೂ ತರಿಸಿಕೊಳ್ಳುವ ಶಕ್ತಿ ಇದ್ದದ್ದು ರಾಜಮನೆತನದವರಿಗೆ ಮತ್ತು ದೊಡ್ಡ ಉದ್ಯಮಿಗಳಿಗೆ. ಗೊಂಡಲ್ ಮಹಾರಾಜರ ಕಾರುಗಳು ಅಲ್ಲಿ ಓಡಿದವು. ಬೆಂಗಳೂರಿನ ವಿಜಯ ಮಲ್ಯ ಎನ್‌ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನೇ ತಂದು ಶೋಳಾವರಂನಲ್ಲಿ ಓಡಿಸಿದ್ದರು. ಪಕ್ಕದಲ್ಲಿ ಮನೆಯ ಫಿಯೆಟ್‌ಗೆ ಸೀಟು ಕಿತ್ತು, ಎಂಜಿನ್ ಹೆಡ್ ಸವೆಸಿ, ಕಾರ್ಬ್ಯುರೇಟರ್ ಬದಲಿಸಿ ತಂದವರು ನಿಂತರೆ ಅದೆಂಥ ಸ್ಪರ್ಧೆ?

ನಮ್ಮೂರ ಎತ್ತಿನಗಾಡಿ ಶರ್ಯತ್ತು ನೆನೆಯಿರಿ. ಲಕ್ಷಗಟ್ಟಲೆ ರೂಪಾಯಿಯ ಜೋಡಿ ಎತ್ತು ಕಟ್ಟಿದವನು ಗೆಲ್ಲುತ್ತಾನೆ. ಗೆದ್ದದ್ದು ಗಾಡಿ ಹೊಡೆದವನೋ ಎತ್ತು ಕೊಂಡವನೋ ಎಂಬ ತಕರಾರು ಚಹಾ ಅಂಗಡಿಯಲ್ಲಿ ವಾರಗಟ್ಟಲೆ ನಡೆಯುತ್ತದೆ. ಎಲ್ಲರಿಗೂ ಒಂದೇ ತೆರನಾದ ಎತ್ತು ಕೊಟ್ಟುಬಿಟ್ಟರೆ? ಕರಿವರ್ಧನ್ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ.

ಮಾರುತಿ ಎಂಜಿನ್ನಿನ ರೇಸ್ ಕಾರು

1983ರ ಡಿಸೆಂಬರ್‌ನಲ್ಲಿ ಮಾರುತಿ 800 ರಸ್ತೆಗೆ ಬಂತು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ನಲವತ್ತು ಅಶ್ವಶಕ್ತಿಯೂ ಇಲ್ಲ. ರೇಸಿಗೆ ಇದೆಂಥದು ಎಂದು ಯಾರಾದರೂ ಮೂಗು ಮುರಿಯಬಹುದಾದ ಎಂಜಿನ್ನು. ಆದರೆ ಅದಕ್ಕೆ ಮೂರು ಗುಣಗಳಿದ್ದವು: ಹಗುರ, ಅಗ್ಗ, ದೇಶದ ಯಾವ ಊರಿನಲ್ಲೂ ಬಿಡಿಭಾಗ ಸಿಗುವಂಥದ್ದು. ಹೊತ್ತೊಯ್ಯಬೇಕಾದ ಭಾರ ಕಡಿಮೆಯಾದರೆ ಸಣ್ಣ ಎಂಜಿನ್ನೂ ಓಡುತ್ತದೆ ಎಂಬುದು ಸಾದಾ ಲೆಕ್ಕ. ಕರಿವರ್ಧನ್ ಉಕ್ಕಿನ ಪೈಪುಗಳ ಚೌಕಟ್ಟು ಕಟ್ಟಿ, ಫೈಬರ್ ಹೊದಿಕೆ ಹೊದಿಸಿ, ಅದೇ ಎಂಜಿನ್ನನ್ನು ಡ್ರೈವರ್ ಬೆನ್ನ ಹಿಂದೆ ಕೂರಿಸಿದರು. ಒಬ್ಬರೇ ಕೂರುವ, ಚಕ್ರ ಹೊರಗೆ ಕಾಣುವ ಕಾರು. 1980ರ ದಶಕದ ಕೊನೆಯಲ್ಲಿ ಬಂದ ಇದು ಜನರ ಬಾಯಲ್ಲಿ ಫಾರ್ಮುಲಾ ಮಾರುತಿ ಆಯಿತು.

ಒಂದೇ ಬಗೆಯ ಕಾರುಗಳ ಸ್ಪರ್ಧೆ ಯುರೋಪಿನಲ್ಲಿ ಮೊದಲೇ ಇತ್ತು, ಅದು ಕರಿವರ್ಧನ್ ಕಂಡುಹಿಡಿದದ್ದೇನಲ್ಲ. ಅವರ ಹೆಚ್ಚುಗಾರಿಕೆ ಇರುವುದು ಪರದೇಶದಿಂದ ಏನೂ ತರಿಸದೆ, ಊರಿನ ವರ್ಕ್‌ಶಾಪಿನಲ್ಲೇ ಕಟ್ಟಿ, ತಾನೊಬ್ಬನೇ ಓಡಿಸಿಕೊಂಡಿರದೆ ಬೇರೆಯವರ ಕೈಗೆ ಕೊಟ್ಟದ್ದರಲ್ಲಿ. ಸ್ವತಃ ರೇಸ್ ಓಡಿಸುವವನು ತನ್ನ ಎದುರಾಳಿಗೂ ತನ್ನಂಥದ್ದೇ ಕಾರು ಕಟ್ಟಿಕೊಡುವುದೆಂದರೆ ಸಣ್ಣ ಮಾತಲ್ಲ. ಸೂಪರ್ ಸ್ಪೀಡ್ಸ್ ಎಂಬ ಅವರ ಸಂಸ್ಥೆ ಈ ಕೆಲಸದಿಂದಲೇ ಹೆಸರಾಯಿತು.

ಹಾಗೆಂದು ರೇಸ್ ಬಡವರ ಆಟವಾಗಲಿಲ್ಲ ಬಿಡಿ. ಟೈರು, ಪೆಟ್ರೋಲು, ಪ್ರಯಾಣ, ಮೆಕ್ಯಾನಿಕ್ ಸಂಬಳ, ಪೆಟ್ಟಾದರೆ ದುರಸ್ತಿ, ಇವನ್ನೆಲ್ಲ ಒಂದು ಸೀಸನ್ನಿನುದ್ದಕ್ಕೂ ಹೊರುವುದು ಕಬ್ಬು ಕಡಿಯುವವನ ಮಗನಿಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗದು. ಆದರೆ ಮಹಾರಾಜರಿಗೆ ಮಾತ್ರ ಎಂಬಲ್ಲಿಂದ ಅದು ಒಂದೆರಡು ಮೆಟ್ಟಿಲು ಕೆಳಗಿಳಿದು ಬಂತು.

1990ರಲ್ಲಿ ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟೈನಲ್ಲಿ ಸುಮಾರು 3.7 ಕಿಲೋಮೀಟರಿನ ಕಾಯಂ ಟ್ರ್ಯಾಕ್ ಆಯಿತು. ಶೋಳಾವರಂ ಜಾತ್ರೆ ಮುಗಿಯಿತು. ಈ ಹೊಸ ಟ್ರ್ಯಾಕಿನಲ್ಲೇ ಕೊಯಮತ್ತೂರಿನ ಒಬ್ಬ ಹುಡುಗ ಫಾರ್ಮುಲಾ ಮಾರುತಿಯಲ್ಲಿ ತನ್ನ ಮೊದಲ ರೇಸ್ ಓಡಿ, ಮೊದಲ ಮೂವರಲ್ಲಿ ಒಬ್ಬನಾದ. ಆತನೇ ನಾರಾಯಣ ಕಾರ್ತಿಕೇಯನ್, 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ. 2010ರಲ್ಲಿ ಆ ಮಟ್ಟ ಮುಟ್ಟಿದ ಚೆನ್ನೈನ ಕರುಣ್ ಚಂದೋಕ್ ಕೂಡ 2000ದಲ್ಲಿ ಫಾರ್ಮುಲಾ ಮಾರುತಿ ಚಾಂಪಿಯನ್ ಆಗಿದ್ದವರು. ಮಾರುಕಟ್ಟೆಗೆ, ಶಾಲೆಗೆ ಹೋಗುವ ಕಾರಿನ ಎಂಜಿನ್ನಿನಿಂದ ಹೊರಟು ಅಷ್ಟು ದೂರ!

ಫಾರ್ಮುಲಾ ಒನ್ ತನಕದ ಈ ಪಯಣವನ್ನು ಕರಿವರ್ಧನ್ ನೋಡಲಿಲ್ಲ. ಅವರಿಗೆ ನೆಲದ ವೇಗವಷ್ಟೇ ಸಾಲುತ್ತಿರಲಿಲ್ಲ, ವಿಮಾನ ಹಾರಿಸುವ ಹುಚ್ಚೂ ಇತ್ತು. 1995ರ ಆಗಸ್ಟ್‌ನಲ್ಲಿ ಸಣ್ಣ ವಿಮಾನವೊಂದರ ಅಪಘಾತದಲ್ಲಿ ತೀರಿಕೊಂಡರು. ನಲವತ್ತರ ಆಸುಪಾಸಿನ ವಯಸ್ಸು. ವರ್ಷಗಟ್ಟಲೆ ರೇಸ್ ಓಡಿಸಿಯೂ ಉಳಿದ ಮನುಷ್ಯ ಆಕಾಶದಿಂದ ಬಿದ್ದು ಹೋದರು. ಮುಖ್ಯ ಆಧಾರವೇ ಇಲ್ಲವಾಗಿದ್ದರಿಂದ ಅವರೊಂದಿಗೇ ಈ ಕಾರುಗಳೂ ಮೂಲೆ ಸೇರಬಹುದಿತ್ತು. ಹಾಗಾಗಲಿಲ್ಲ. ಅದೇ ಊರಿನ ಎಲ್‌ಜಿಬಿ ಉದ್ಯಮ ಸಮೂಹದ ಬಿ. ವಿಜಯಕುಮಾರ್ ಮುಂತಾದವರು ಕೆಲಸ ಮುಂದುವರಿಸಿದರು. ಮಾರುತಿ 800ರ ಎಂಜಿನ್ ಹೋಗಿ ಮುಂದೆ ಸ್ವಿಫ್ಟ್ ಎಂಜಿನ್ ಬಂತು, ಕಾರಿನ ಹೆಸರು ಫಾರ್ಮುಲಾ ಎಲ್‌ಜಿಬಿ ಆಯಿತು.

ಟೂರಿಂಗ್ ಕಾರುಗಳ ಕಥೆ ಸ್ವಲ್ಪ ಬೇರೆ. ಇಲ್ಲಿ ಓಡುವುದು ಶೋರೂಮಿನ ಕಾರಿನ ರೂಪದ್ದೇ. ಒಳಗಿನ ಸೀಟು, ಹಾಸು ತೆಗೆದು, ಪಲ್ಟಿಯಾದರೂ ಡ್ರೈವರ್ ಉಳಿಯಲೆಂದು ಉಕ್ಕಿನ ಪಂಜರ ಕೂರಿಸಿರುತ್ತಾರೆ. ಹಲವು ಸುತ್ತುಗಳ ಅಂಕ ಕೂಡಿಸಿ ಸೀಸನ್ ಕೊನೆಗೆ ಚಾಂಪಿಯನ್ ಯಾರೆಂದು ಹೇಳುತ್ತಾರೆ. ಒಂದು ಸುತ್ತು ಗೆದ್ದು ಮುಂದಿನದರಲ್ಲಿ ಕಾರು ಕೈಕೊಟ್ಟರೆ ಗಳಿಸಿದ್ದು ಹೋದಂತೆಯೇ. ಧ್ರುವ ಮೋಹಿತೆ ಗೆದ್ದ ಸರಣಿಯಲ್ಲಿ ಎಲ್ಲರದೂ 1.8 ಲೀಟರ್ ಟರ್ಬೊ ಎಂಜಿನ್ನಿನ ಒಂದೇ ಬಗೆಯ ಅಮಿಯೋ. ಕಾರು ಜರ್ಮನ್ ಕಂಪನಿಯದು, ಆದರೆ ಎಲ್ಲರಿಗೂ ಒಂದೇ ಕಾರು ಎಂಬ ಕಟ್ಟಳೆಯನ್ನು ನಮ್ಮ ದೇಶದ ಟ್ರ್ಯಾಕಿಗೆ ರೂಢಿ ಮಾಡಿಸಿದವರಲ್ಲಿ ಮೊದಲಿಗರು ಕೊಯಮತ್ತೂರಿನ ಈ ಗಿರಣಿ ಮನೆಯವರು.

ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿ ಸುಮಾರು 2.1 ಕಿಲೋಮೀಟರಿನ ಟ್ರ್ಯಾಕ್ ತೆರೆದದ್ದು 2003ರಲ್ಲಿ, ಅವರು ಹೋಗಿ ಎಂಟು ವರ್ಷಗಳ ನಂತರ. ಹೆಸರಿಡುವಾಗ ಮನೆತನದ ಹೆಸರನ್ನಾಗಲಿ ಮಿಲ್ಲಿನ ಹೆಸರನ್ನಾಗಲಿ ಇಡಲಿಲ್ಲ. ಗೆಳೆಯರು ಕರೆಯುತ್ತಿದ್ದಂತೆ ಎರಡೇ ಅಕ್ಷರ, ಕರಿ.