ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರು

ಹಾವೇರಿ, ಬ್ಯಾಡಗಿಗಳ ನೆರೆಸೀಮೆಯಾದ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, ಚರಂತಿಮಠದ ಗುರುಪಾದಯ್ಯ ನೀಲಮ್ಮನವರೆಂಬ ಜಂಗಮ ದಂಪತಿಗಳಿಗೆ 1892ನೆಯ ಇಸವಿಯಲ್ಲಿ ಗದಿಗೆಯ್ಯನೆಂಬ ಶಿಶುವು ಜನಿಸಿತು. ಶಿಶುವಿಗೆ ದೃಷ್ಟಿಯಿರಲಿಲ್ಲ. ಒಡಹುಟ್ಟಿದ ಗುರುಬಸಯ್ಯನ ಸ್ಥಿತಿಯೂ ಅದೇ. ಕಣ್ಣಿಲ್ಲದವರಿಗೆ ಗುಡಿಯ ಕಟ್ಟೆಯೋ ಸಂತೆಯ ಮೂಲೆಯೋ ಗತಿಯೆಂದು ಲೋಕವು ಎಣಿಸಿದ್ದ ಕಾಲವದು. ಕೊರಳು ಇಂಪಾಗಿದ್ದರೆ ಭಿಕ್ಷೆಯು ತುಸು ಹೆಚ್ಚು, ಅಷ್ಟೆ.

ಆದರೆ ರಾಣೆಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಅವತರಿಸಿ ಹಾನಗಲ್ಲ ವಿರಕ್ತಮಠದ ಅಧಿಪತಿಗಳಾಗಿದ್ದ ಶ್ರೀ ಕುಮಾರ ಮಹಾಸ್ವಾಮಿಗಳವರು ಆ ಬಾಲಕರ ಕೊರಳಿನಲ್ಲಿ ಭಿಕ್ಷೆಯನ್ನಲ್ಲ, ವಿದ್ಯೆಯನ್ನು ಕಂಡರು. ಇಬ್ಬರನ್ನೂ ಕೈಹಿಡಿದು ಸಾಕಿ ಸಂಗೀತಕ್ಕೆ ಹಚ್ಚಿದರು. ಗದಿಗೆಯ್ಯನು ಪಂಚಾಕ್ಷರಿಯಾದನು. ಕರ್ನಾಟಕ ಪದ್ಧತಿಯಲ್ಲಿ ಪಳಗಿದ ತರುವಾಯ ಹಿಂದುಸ್ತಾನಿ ಗಾಯನಕ್ಕಾಗಿ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಶಿಷ್ಯವೃತ್ತಿ ನಡೆಯಿತು. ಜಂಗಮ ತರುಣನು ಮುಸಲ್ಮಾನ ಗುರುವಿನೆದುರು ವಿನಯದಿಂದ ಕುಳಿತನು. ಕಲಿಸುವವರು ಅವನ ಕುಲವನ್ನು ಕೇಳಲಿಲ್ಲ, ಕಲಿಯುವವನು ಅವರ ಮತವನ್ನು ಎಣಿಸಲಿಲ್ಲ. ಮಠದ ಮಕ್ಕಳಿಗೆ ಅಂದು ಇದು ಸಣ್ಣ ಮಾತಲ್ಲ. ಹೀಗೆ ಉಭಯಗಾನವಿಶಾರದರೆನಿಸಿದ ಗವಾಯಿಗಳವರಿಗೆ ಆಸ್ಥಾನದ ಮನ್ನಣೆಯನ್ನೂ ಧನವನ್ನೂ ಅರಸುವುದು ಅಸಾಧ್ಯವಾಗಿರಲಿಲ್ಲ.

ಅವರು ಅದನ್ನು ಬಯಸಲಿಲ್ಲ. ಬ್ರಹ್ಮಚರ್ಯವ್ರತವನ್ನು ಕೈಗೊಂಡು, ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನೂ ದಿಕ್ಕಿಲ್ಲದ ಬಡವರನ್ನೂ ಕೂಡಿಸಿಕೊಂಡು, ಊರಿಂದೂರಿಗೆ ಸಾಗುವ ಸಂಗೀತ ಪಾಠಶಾಲೆಯನ್ನು ನಡೆಯಿಸಿದರು. ಅನ್ನವಸ್ತ್ರಗಳ ಚಿಂತೆಯು ಬಿಡದೆ ಬೆನ್ನಹಿಂದೆಯೇ ಇತ್ತು. 1930ರಲ್ಲಿ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾಗಲು ದೊಡ್ಡ ಆಸರೆಯೇ ತಪ್ಪಿತು. ಆದರೂ ಶಾಲೆ ಮುಚ್ಚಲಿಲ್ಲ. ಗದುಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಅದಕ್ಕೆ ನೆಲೆ ದೊರೆತು ವೀರೇಶ್ವರ ಪುಣ್ಯಾಶ್ರಮವಾಯಿತು.

ಆಶ್ರಮದ ಬಾಗಿಲಲ್ಲಿ ಜಾತಿಯನ್ನು ವಿಚಾರಿಸುವ ಪದ್ಧತಿಯಿರಲಿಲ್ಲ. ಒಂದು ಕಾಲಕ್ಕೆ ತಮ್ಮನ್ನೂ ಯಾರೋ ಒಳಗೆ ಕರೆದಿದ್ದರೆಂಬುದನ್ನು ಗವಾಯಿಗಳವರು ಮರೆತವರಲ್ಲ. ಆದರೆ ಕರುಣೆಯೆಂದು ಪಾಠದಲ್ಲಿ ಸಡಿಲು ಕೊಡುತ್ತಿರಲಿಲ್ಲ. ಕುರುಡನ ಹಾಡನ್ನು ಜನರು ಮರುಕದಿಂದಲ್ಲ, ಹಾಡಿಗಾಗಿಯೇ ಕೇಳಬೇಕೆಂಬುದು ಅವರ ಹಟ. ಯಲಿವಾಳದ ಬಸವರಾಜ ರಾಜಗುರುಗಳೂ ಸಾವಜಿ ಸಮಾಜದ ಅರ್ಜುನಸಾ ನಾಕೋಡರೂ ಆ ಪಾದಮೂಲದಲ್ಲಿ ಕಲಿತು ನಾಡಿಗೆ ಹೆಸರಾದರು. ಹಾವೇರಿ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ತೊಟ್ಟಿಲಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟಯ್ಯನೂ ಅಲ್ಲಿಗೇ ಬಂದನು.

1944ನೆಯ ಜೂನ್ 11ರಂದು ಗವಾಯಿಗಳವರು ಲಿಂಗೈಕ್ಯರಾದರು. ಆಶ್ರಮದ ಮಕ್ಕಳ ಹೊಣೆಯನ್ನು ಆ ಪುಟ್ಟಯ್ಯನೇ, ಪುಟ್ಟರಾಜ ಗವಾಯಿಗಳಾಗಿ, 2010ರವರೆಗೆ ಹೊತ್ತರು.