ತೆಂಗಿನಕಾಯಿ ಚೆಂಡು ಮತ್ತು ನಗೇಂದ್ರಪ್ರಸಾದ ಸರ್ವಾಧಿಕಾರಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಆಟೋಟದ ಬಗ್ಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನ್ನ ಕಣ್ಣ ಮುಂದೆ ಮೊದಲು ಬಂದದ್ದು ನಾವು ಗೆದ್ದ ಕಪ್ಪುಗಳಲ್ಲ, ಒಂದು ವಿಚಿತ್ರ ಚೆಂಡು. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದೈಹಿಕ ಶಿಕ್ಷಕನಾಗಿದ್ದವನು ನಾನು. ಮಕ್ಕಳ ಬಾಯಲ್ಲಿ ಡ್ರಿಲ್ ಮೇಷ್ಟ್ರು. ಕಬಡ್ಡಿ, ಖೋಖೋ, ವಾಲಿಬಾಲ್, ಹುಡುಗಿಯರಿಗೆ ಥ್ರೋಬಾಲ್, ನಮ್ಮ ಲೋಕ ಅಷ್ಟೇ ಆಗಿತ್ತು. ಈ ಶಾಲೆಗೆ ಬಂದ ಹೊಸದರಲ್ಲಿ ಆಟದ ಸಾಮಾನಿನ ಪಟ್ಟಿಯಲ್ಲಿ ಫುಟ್‌ಬಾಲ್ ಎರಡು ಎಂದು ಬರೆದಿದ್ದೆ. ಅಂಗಡಿಯಿಂದ ಬಂದ ಮೂಟೆ ಬಿಚ್ಚಿದರೆ ಒಂದು ಚೆಂಡು ದುಂಡಗಿತ್ತು, ಇನ್ನೊಂದು ಎರಡು ತುದಿಯೂ ಚೂಪಾಗಿ ಉದ್ದಕ್ಕಿತ್ತು. ತೋಟಗಳ ನಡುವೆ ಬೆಳೆದ ಹುಡುಗರು ಅದಕ್ಕೆ ಆ ಕ್ಷಣವೇ ತೆಂಗಿನಕಾಯಿ ಚೆಂಡು ಎಂದು ಹೆಸರಿಟ್ಟರು. ಪೂರ್ವಕ್ಕೆ ಒದ್ದರೆ ದಕ್ಷಿಣಕ್ಕೆ ಹಾರುತ್ತಿತ್ತು. ಅದು ರಗ್ಬಿ ಚೆಂಡು ಎಂದು ನನಗೆ ಗೊತ್ತಿತ್ತು, ಆಡಿ ಗೊತ್ತಿರಲಿಲ್ಲ.

ಆಮೇಲೆ ಅದರ ಹಿಂದುಮುಂದು ಹುಡುಕುತ್ತ ಹೋದಾಗ ತಿಳಿದದ್ದೇನೆಂದರೆ, ಈ ದೇಶದ ಹುಡುಗರು ಫುಟ್‌ಬಾಲ್ ಕಲಿತ ಕಥೆಯೂ ಇಂಥದೇ ಒಂದು ತಪ್ಪು ಚೆಂಡಿನಿಂದ ಶುರುವಾಗುತ್ತದೆ. ಆ ಚೆಂಡು ತಂದ ಹುಡುಗನ ಹೆಸರು ನಗೇಂದ್ರಪ್ರಸಾದ ಸರ್ವಾಧಿಕಾರಿ. ಬಂಗಾಳದಲ್ಲಿ ಅವರನ್ನು ಭಾರತದ ಫುಟ್‌ಬಾಲಿನ ಪಿತಾಮಹ ಎನ್ನುತ್ತಾರೆ. ನಮ್ಮ ಕಡೆ ಹೆಸರು ಕೇಳಿದವರೇ ಕಡಿಮೆ.

ಅವರು ಹುಟ್ಟಿದ್ದು 1869ರಲ್ಲಿ. ತಂದೆ ಸೂರ್ಯಕುಮಾರ ಸರ್ವಾಧಿಕಾರಿ ಕಲ್ಕತ್ತೆಯ ಹೆಸರಾಂತ ವೈದ್ಯರು. ಆ ಕಾಲದ ಕಲ್ಕತ್ತೆಯಲ್ಲಿ ಇಂಗ್ಲಿಷರು ಆಡುತ್ತಿದ್ದ ದೊಡ್ಡ ಆಟ ರಗ್ಬಿ. 1872ರ ಕ್ರಿಸ್‌ಮಸ್ ದಿನ ಅಲ್ಲಿ ಒಂದು ಪಂದ್ಯ ನಡೆಯಿತು. ಒಂದು ಕಡೆ ಇಂಗ್ಲೆಂಡಿನ ಇಪ್ಪತ್ತು ಜನ, ಇನ್ನೊಂದು ಕಡೆ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್‌ನವರು ಸೇರಿ ಇಪ್ಪತ್ತು ಜನ. ಮರುವರ್ಷವೇ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಹೆಸರು ಫುಟ್‌ಬಾಲ್, ಆಟ ರಗ್ಬಿ. ಆದರೆ ಆ ಸೆಕೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಉರುಳಾಡುವ ಆಟ ಎಷ್ಟು ದಿನ ನಡೆದೀತು? ಆಡುವವರು ಕಡಿಮೆಯಾಗಿ ಕ್ಲಬ್ 1878ರಲ್ಲಿ ಮುಚ್ಚಿತು. ಉಳಿದ ಹಣವನ್ನು ಬ್ಯಾಂಕಿನಿಂದ ಬೆಳ್ಳಿ ರೂಪಾಯಿಗಳಲ್ಲೇ ತೆಗೆದು, ಕರಗಿಸಿ, ಹಿಡಿಕೆಗೆ ಮೂರು ನಾಗರ, ಮುಚ್ಚಳದ ಮೇಲೊಂದು ಆನೆ ಇಟ್ಟು ಕಪ್ ಮಾಡಿಸಿ ಇಂಗ್ಲೆಂಡಿಗೆ ಕಳಿಸಿದರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಈಗಲೂ ಕಲ್ಕತ್ತಾ ಕಪ್ಪಿಗಾಗಿ ಆಡುತ್ತಿವೆ. ನಮ್ಮ ನೆಲದ ರೂಪಾಯಿ, ನಮ್ಮ ಹಾವು, ನಮ್ಮ ಆನೆ. ಕಪ್ ಮಾತ್ರ ಅವರದು. ಇರಲಿ.

ಹುಡುಗ ನಗೇಂದ್ರ ಎಂಟು-ಹತ್ತು ವರ್ಷದವನಿದ್ದಾಗ ತಾಯಿಯ ಜೊತೆ ಗಂಗಾಸ್ನಾನಕ್ಕೆಂದು ಗಾಡಿಯಲ್ಲಿ ಹೋಗುತ್ತಿದ್ದನಂತೆ. ದಾರಿಯಲ್ಲಿ ಗೋರಾ ಸಿಪಾಯಿಗಳು ಚೆಂಡು ಒದೆಯುತ್ತಿದ್ದರು. ಗಾಡಿ ನಿಲ್ಲಿಸಿ ನೋಡುತ್ತ ನಿಂತವನ ಕಾಲ ಬಳಿಗೆ ಚೆಂಡು ಉರುಳಿ ಬಂತು. ಕೈಗೆತ್ತಿಕೊಂಡು ನೋಡಿದ, ಒದ್ದು ಕಳಿಸು ಎಂದು ಸಿಪಾಯಿಯೊಬ್ಬ ಹೇಳಿದ, ಒದ್ದ. ಮರುದಿನ ಹೇರ್ ಸ್ಕೂಲಿನ ಗೆಳೆಯರಿಂದ ಕಾಸು ಕೂಡಿಸಿ ಅಂಗಡಿಯಿಂದ ಚೆಂಡು ತಂದದ್ದೇ ಶಾಲೆಯ ಅಂಗಳದಲ್ಲಿ ಆಟ ಶುರು. ತಂದದ್ದು ರಗ್ಬಿ ಚೆಂಡು. ಅಂಗಡಿಯವನ ತಪ್ಪೂ ಇರಲಾರದು, ಆ ಊರಿನಲ್ಲಿ ಫುಟ್‌ಬಾಲ್ ಎಂದರೆ ರಗ್ಬಿ ಎಂದೂ ಅರ್ಥವಿತ್ತಲ್ಲ. ಹುಡುಗರಿಗಂತೂ ವ್ಯತ್ಯಾಸ ತಿಳಿಯದು, ನಿಯಮ ತಿಳಿಯದು. ಪಕ್ಕದ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಸ್ಟ್ಯಾಕ್ ಎಂಬುವರು ಈ ಗದ್ದಲ ನೋಡಿ, ನಕ್ಕು ಸುಮ್ಮನೆ ಹೋಗದೆ, ದುಂಡು ಚೆಂಡು ತಂದುಕೊಟ್ಟು ಆಡುವುದನ್ನು ಕಲಿಸಿದರು. ಮೇಷ್ಟ್ರಾಗಿದ್ದವನಿಗೆ ಈ ಜಾಗದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆನಿಸುತ್ತದೆ. ಅವರು ಬೈದು ಚೆಂಡು ಕಿತ್ತುಕೊಂಡಿದ್ದರೆ?

ಮುಂದಿನ ಕೆಲವು ವರ್ಷಗಳಲ್ಲಿ ನಗೇಂದ್ರಪ್ರಸಾದರು ಒಂದರ ಮೇಲೊಂದು ಕ್ಲಬ್ ಕಟ್ಟಿದರು. ಅವುಗಳಲ್ಲಿ ದೊಡ್ಡದು ವೆಲಿಂಗ್ಟನ್ ಕ್ಲಬ್. ಅಲ್ಲಿಗೆ ಮಣಿ ದಾಸ್ ಎಂಬ ಕುಂಬಾರರ ಹುಡುಗನನ್ನು ಸೇರಿಸಿಕೊಳ್ಳಲು ಹೊರಟಾಗ ದೊಡ್ಡ ಮನೆತನದ ಸದಸ್ಯರು ಒಪ್ಪಲಿಲ್ಲ. ಆಟ ಬಲ್ಲವನಾದರೂ ಜಾತಿ ಸರಿಯಿಲ್ಲವೆಂಬುದು ಅವರ ತಕರಾರು. ನಗೇಂದ್ರಪ್ರಸಾದರು ಆಗಿನ್ನೂ ಇಪ್ಪತ್ತರ ಒಳಗಿನವರು. ಹುಡುಗನನ್ನು ಬಿಡುವ ಬದಲು ಕ್ಲಬ್ಬನ್ನೇ ಮುಚ್ಚಿದರು. ಆಮೇಲೆ ಶೋಭಾಬಜಾರ್ ಕ್ಲಬ್ ಕಟ್ಟಿದಾಗ ಅದರ ಪುಸ್ತಕದಲ್ಲಿ ಮೊದಲು ಬರೆದ ಹೆಸರು ಮಣಿ ದಾಸನದು.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಒಮ್ಮೆ ಈ ಶಾಲೆಯ ವಾಲಿಬಾಲ್ ತಂಡವನ್ನು ಒಂದು ಊರಿನ ಪಂದ್ಯಾವಳಿಗೆ ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನದ ಊಟ ಒಬ್ಬರ ಮನೆಯಲ್ಲಿ. ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಸ್ಮ್ಯಾಶ್ ಹೊಡೆಯುತ್ತಿದ್ದ ಹುಡುಗನನ್ನು ಮಾತ್ರ ಹೊರಗೆ ಜಗಲಿಯ ಮೇಲೆ ಕೂರಿಸಿ ಎಲೆ ಹಾಕಿದರು. ನಾನು ನೋಡಿದೆ. ಸಂಜೆ ಫೈನಲ್ ಇದೆ, ಈಗ ಜಗಳ ಬೇಡ ಎಂದು ಲೆಕ್ಕ ಹಾಕಿ ಒಳಗೆ ಕೂತು ಉಂಡೆ. ಅವನೇ ಆಡಿ ಗೆಲ್ಲಿಸಿದ. ಆ ಕಪ್ ಇನ್ನೂ ಆಫೀಸು ರೂಮಿನ ಬೀರುವಿನಲ್ಲಿದೆ; ಯಾವುದೆಂದು ನಾನು ತೋರಿಸಲಾರೆ.

ಶೋಭಾಬಜಾರ್ ತಂಡ 1892ರಲ್ಲಿ ಟ್ರೇಡ್ಸ್ ಕಪ್ ಪಂದ್ಯದಲ್ಲಿ ಈಸ್ಟ್ ಸರ್ರೆ ಎಂಬ ಬ್ರಿಟಿಷ್ ಪಲ್ಟನ್ನಿನ ತಂಡವನ್ನು 2-1ರಿಂದ ಸೋಲಿಸಿತು. ಭಾರತೀಯರ ತಂಡವೊಂದು ಬಿಳಿಯರನ್ನು ಸೋಲಿಸಿದ ಸುದ್ದಿ ಆ ದಿನಗಳಲ್ಲಿ ಸಣ್ಣದಲ್ಲ. ಮರುವರ್ಷ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾಗುವಾಗ ಅದರಲ್ಲಿ ನಗೇಂದ್ರಪ್ರಸಾದರ ಕೈಯೂ ಇತ್ತು. 1911ರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಲ್ಲಿ ಆಡಿದ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ಪಲ್ಟನ್ನನ್ನು ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದನ್ನು ನೋಡುವಷ್ಟು ಕಾಲ ಅವರು ಬದುಕಿದ್ದರು. ತೀರಿಕೊಂಡದ್ದು 1940ರಲ್ಲಿ.

ದುಂಡು ಚೆಂಡು ದೇಶವನ್ನೆಲ್ಲ ಹಿಡಿಯಿತು, ಉದ್ದ ಚೆಂಡು ಕಲ್ಕತ್ತೆ, ಮುಂಬಯಿಯ ಕೆಲವು ಕ್ಲಬ್ಬುಗಳಲ್ಲೇ ಬಹುಕಾಲ ಉಳಿಯಿತು. ಈಚೆಗೆ ಒಡಿಶಾದ ಬುಡಕಟ್ಟಿನ ಮಕ್ಕಳು ಅದನ್ನು ಚೆನ್ನಾಗಿ ಆಡುತ್ತಿದ್ದಾರೆ. 2019ರಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳ ತಂಡ ಮನಿಲಾದಲ್ಲಿ ಸಿಂಗಪುರವನ್ನು ಸೋಲಿಸಿತು. ಹದಿನೈದು ಜನರ ಆಟದಲ್ಲಿ ಅದು ಅವರ ಮೊದಲ ಅಂತರರಾಷ್ಟ್ರೀಯ ಗೆಲುವು.

ನಮ್ಮ ತೆಂಗಿನಕಾಯಿ ಚೆಂಡಿನ ಬ್ಲಾಡರ್ ಎರಡನೆಯ ವರ್ಷ ಒಡೆಯಿತು. ಸೈಕಲ್ ಶಾಪಿನಲ್ಲಿ ತೇಪೆ ಹಾಕಿಸಿ ಇನ್ನೊಂದು ವರ್ಷ ಆಡಿಸಿದೆ. ಅದನ್ನು ಎಲ್ಲರಿಗಿಂತ ದೂರ ಒದೆಯುತ್ತಿದ್ದವನೂ ಆ ಜಗಲಿಯ ಹುಡುಗನೇ. ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳಿಗೆಲ್ಲ ಕಾಗದ ಹೋಗಿದೆ ಎಂದು ಕೇಳಿದೆ. ಅವನು ಬಂದರೆ ಊಟದ ಪಂಕ್ತಿಯಲ್ಲಿ ಅವನ ಪಕ್ಕದ ಎಲೆ ನನಗಿರಲಿ ಎಂದು ಅಡುಗೆ ಉಸ್ತುವಾರಿಯವರಿಗೆ ಹೇಳಿಟ್ಟಿದ್ದೇನೆ.